ತುಂಡುಗೆರೆ ಮತ್ತು ಬಾಣದ ಮೊನೆ: ಉಪಭಾಷಾ ನಕ್ಷೆ ಬರೆಯುವವರಿಗೆ ಕೆಲವು ವಿಚಾರಗಳು

ಉಪಭಾಷೆಗಳ ಬಗ್ಗೆ ನಾವು ಬರೆಯುವ ಪ್ರಬಂಧಗಳಲ್ಲಿ ಉದಾಹರಣೆಗಳಿಗೆ ಕೊರತೆಯಿಲ್ಲ, ನಕ್ಷೆಗಳಿಗೆ ಬಹಳ ಕೊರತೆಯಿದೆ. ಇದ್ದ ನಕ್ಷೆಗಳೂ ಹಲವು ಸಲ ಓದುಗನನ್ನು ದಾರಿ ತಪ್ಪಿಸುತ್ತವೆ. ಮಾಹಿತಿ ತಪ್ಪಾಗಿರುವುದಿಲ್ಲ, ಗೆರೆ ತಪ್ಪಾಗಿರುತ್ತದೆ. ಎಲ್ಲಿ ತುಂಡುಗೆರೆ ಹಾಕಬೇಕು, ಅದು ಎಷ್ಟು ತುಂಡಾಗಿರಬೇಕು, ಬಾಣದ ಮೊನೆ ಯಾವ ತುದಿಗೆ ಇರಬೇಕು ಎಂಬುದನ್ನು ಬರೆದವರು ಡಿ.ಟಿ.ಪಿ. ಮಾಡುವ ಹುಡುಗನಿಗೆ ಬಿಟ್ಟುಬಿಡುತ್ತಾರೆ. ನಾನು ಅಕ್ಕಲಕೋಟ ರಸ್ತೆ ಎಂಐಡಿಸಿಯ ಒಂದು ಟವೆಲ್ ಕಾರಖಾನೆಯಲ್ಲಿ ಡಿಸೈನ್ ಬರೆಯುವ ಕೆಲಸದವನು. ಗೆರೆಯ ಜೊತೆಗೇ ನನ್ನ ದಿನ ಕಳೆಯುತ್ತದೆ. ಆದ್ದರಿಂದ ಈ ಸಣ್ಣ ವಿಷಯವನ್ನೇ ಇಲ್ಲಿ ವಿಸ್ತಾರವಾಗಿ ಎತ್ತಿಕೊಂಡಿದ್ದೇನೆ.

ಗಡಿಭಾಗದಲ್ಲಿ ಇದು ಸಣ್ಣ ವಿಷಯವೂ ಅಲ್ಲ. ಉಪಭಾಷಾ ಸಂಪುಟವೊಂದರ ನಕ್ಷೆಯನ್ನು ನಮ್ಮ ಕಾರಖಾನೆಯ ಹಿರಿಯ ಜಾಬರ್ ಒಬ್ಬರಿಗೆ ತೋರಿಸಿದೆ. ಅಕ್ಕಲಕೋಟ ತಾಲೂಕಿನ ಹಳ್ಳಿಯವರು, ಮನೆಮಾತು ಕನ್ನಡ. ಅವರು ಬೆರಳಿಟ್ಟು ಕೇಳಿದ್ದು ಹೀಗೆ: "ಈ ತುಕಡಿ ಗೆರಿ ಏನ್ರೀ? ನಮ್ಮೂರು ಕರ್ನಾಟಕದಾಗ ಹೋಯ್ತೇನು?" "ಇಲ್ರೀ ಕಾಕಾ, ಅದು ಗಡಿ ಅಲ್ಲ, ಮಾತಿನ ಗೆರಿ" ಅಂದೆ. "ಮತ್ತ ಗಡಿ ಹಂಗ ಯಾಕ ಕಾಣ್ತದ?" ಅಂದರು. ಈ ಪ್ರಶ್ನೆ ಸಾಧಾರಣವಾದದ್ದಲ್ಲ. ಸರಕಾರಿ ನಕಾಶೆಗಳಲ್ಲಿ ರಾಜ್ಯದ ಗಡಿಯನ್ನು ಗೆರೆ ಚುಕ್ಕೆ ಕೂಡಿಸಿ ತುಂಡು ತುಂಡಾಗಿಯೇ ತೋರಿಸುವ ರೂಢಿ. 1956ರ ಪುನರ್ವಿಂಗಡಣೆಯಲ್ಲಿ ಸೊಲ್ಲಾಪುರ ಮುಂಬಯಿ ರಾಜ್ಯದಲ್ಲಿ ಉಳಿಯಿತು, 1960ರಲ್ಲಿ ಮಹಾರಾಷ್ಟ್ರದ ಪಾಲಾಯಿತು. 1967ರಲ್ಲಿ ಮಹಾಜನ ಆಯೋಗವು ಅಕ್ಕಲಕೋಟ ತಾಲೂಕನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಇಂಥ ಊರುಗಳ ಮೇಲೆ ತುಂಡುಗೆರೆ ಎಳೆದರೆ ಅದನ್ನು ಜನ ಗಡಿ ಎಂದೇ ಓದುತ್ತಾರೆ. ಇನ್ನೊಂದು ಊರಲ್ಲಿ ಅದೇ ಗೆರೆ ತೋರಿಸಿ ಮಾತು ಕೇಳಲು ಹೋದರೆ "ನೀವು ಯಾವ ಪಾರ್ಟಿಯವ್ರು?" ಅನ್ನುತ್ತಾರೆ. ಆಮೇಲೆ ಅವರು ಆಡುವ ಕನ್ನಡ ಮನೆಯ ಕನ್ನಡ ಆಗಿರುವುದಿಲ್ಲ, ಸಾಲಿಯ ಕನ್ನಡ ಆಗಿರುತ್ತದೆ. ಮಾಹಿತಿ ಅಲ್ಲಿಗೇ ಕೆಟ್ಟಿತು.

ಮೊದಲು ತುಂಡುಗೆರೆ ಏಕೆ ಬೇಕು ಎಂಬುದನ್ನು ನೋಡೋಣ. ಒಂದು ಭಾಷಾರೂಪ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂಬುದನ್ನು ತೋರಿಸುವ ಗೆರೆಗೆ ಐಸೊಗ್ಲಾಸ್ ಎನ್ನುತ್ತಾರೆ. ಕನ್ನಡದಲ್ಲಿ ಸಮಭಾಷಾರೇಖೆ ಎನ್ನಬಹುದು. ಬೀಲೆನ್‌ಸ್ಟೈನ್ ಎಂಬವರು 1892ರಲ್ಲಿ ಲಾಟ್ವಿಯಾದ ಭಾಷೆಯ ಬಗ್ಗೆ ಬರೆಯುವಾಗ ಬಳಸಿದ ಪದ ಇದು. ಅದಕ್ಕೂ ಮುಂಚೆ 1876ರಲ್ಲೇ ಜರ್ಮನಿಯಲ್ಲಿ ವೆಂಕರ್ ಎಂಬವರು ಸಾಲಿ ಮಾಸ್ತರರಿಗೆ ವಾಕ್ಯಗಳನ್ನು ಕಳಿಸಿ ಅವರ ಊರಿನ ಮಾತಿನಲ್ಲಿ ಬರೆಸಿ ತರಿಸಿಕೊಂಡು ನಕ್ಷೆಯ ಕೆಲಸ ಆರಂಭಿಸಿದ್ದರು. ಒಂದು ಗೆರೆಯ ಈಚೆ ಒಂದು ಮಾತು, ಆಚೆ ಇನ್ನೊಂದು ಎಂದು ಆಗಿನವರು ನಿರೀಕ್ಷಿಸಿದ್ದರು. ಆದರೆ ರೈನ್ ನದಿಯ ಹತ್ತಿರ ಒಂದೊಂದು ಪದದ ಗೆರೆ ಒಂದೊಂದು ದಾರಿ ಹಿಡಿದು ಬೀಸಣಿಗೆಯ ಕಡ್ಡಿಗಳಂತೆ ಹರಡಿಕೊಂಡಿತು. ನಮ್ಮಲ್ಲೂ ಹಾಗೆಯೇ.

'ಇದೆ' ಎಂಬುದನ್ನೇ ತೆಗೆದುಕೊಳ್ಳಿ. ಕಲಬುರಗಿ, ಬೀದರ, ಅಕ್ಕಲಕೋಟ ಕಡೆ 'ಅದ'. ಬೆಳಗಾವಿ, ಬಾಗಲಕೋಟ ಹಳ್ಳಿಗಳ ಕಡೆ 'ಐತಿ'. ಹಾಗೆಂದು ನಡುವೆ ಒಂದು ಗಟ್ಟಿ ಗೆರೆ ಎಳೆದರೆ ಧಾರವಾಡದ ಬ್ರಾಹ್ಮಣ ಮನೆಗಳ 'ಅದ' ಎಲ್ಲಿಗೆ ಹೋಗಬೇಕು? ವಿಜಯಪುರ ಜಿಲ್ಲೆಯಲ್ಲಿ ಎರಡೂ ಕೇಳುತ್ತವೆ. 'ಮಾಡ್ಲಾಕತ್ತೀನಿ' ಮತ್ತು 'ಮಾಡಾಕತ್ತೀನಿ' ಎಂಬ ಜೋಡಿಯದೂ ಇದೇ ಕಥೆ. ಇದಕ್ಕೆ ಬದಲಾಗಿ 'ಮನೆ' ಎಂಬುದು 'ಮನಿ' ಆಗುವುದು, 'ಕುದುರೆ' ಎಂಬುದು 'ಕುದುರಿ' ಆಗುವುದು ಉತ್ತರದ ಕನ್ನಡಕ್ಕೆಲ್ಲ ವ್ಯಾಪಿಸಿದ ಲಕ್ಷಣ. ಸೊಲ್ಲಾಪುರದ ನಕ್ಷೆಯಲ್ಲಿ ಅದಕ್ಕೆ ಗೆರೆಯೇ ಬೇಕಿಲ್ಲ, ಇಡೀ ಪ್ರದೇಶಕ್ಕೆ ಒಂದು ಬಣ್ಣ ಸಾಕು. ನನ್ನ ಅಭಿಪ್ರಾಯದಲ್ಲಿ ಗಟ್ಟಿ ಗೆರೆ ಇರಬೇಕಾದ್ದು ಎರಡೂ ಬದಿಯ ಊರುಗಳನ್ನು ಕೇಳಿ ನೋಡಿದ ಕಡೆ. ತುಂಡುಗೆರೆ ಎರಡೂ ರೂಪ ಬೆರೆತ ಕಡೆ. ಚುಕ್ಕೆಗೆರೆ ಜಾತಿಯಿಂದಲೋ ಕಸಬಿನಿಂದಲೋ ಬಂದ ಭೇದಕ್ಕೆ. ಗೆರೆ ಚುಕ್ಕೆ ಕೂಡಿದ ನಮೂನೆಯನ್ನು ಮಾತ್ರ ಭಾಷೆಯ ಕೆಲಸಕ್ಕೆ ಮುಟ್ಟಲೇಬಾರದು. ಅದನ್ನು ರಾಜ್ಯದ ಗಡಿಗೇ ಬಿಡಬೇಕು, ಅದೂ ತೆಳುವಾದ ಬೂದು ಬಣ್ಣದಲ್ಲಿ. ನಕ್ಷೆಯ ಮೂಲೆಯಲ್ಲಿ ಕೊಡುವ ಸೂಚಿಯಲ್ಲಿ ಗಡಿಯನ್ನು ಕೊನೆಗೆ ಹಾಕುವುದು ಒಳ್ಳೆಯದು.

ಇನ್ನು ಕೈಕೆಲಸ. ಮೊದಲು ಟ್ರೇಸಿಂಗ್ ಹಾಳೆಯ ಮೇಲೆ ಶಾಯಿ ಪೆನ್ನಿನಿಂದ ಬರೆಯುತ್ತಿದ್ದ ಕೆಲಸವನ್ನು ಈಗ ವೆಕ್ಟರ್ ಚಿತ್ರದ ತಂತ್ರಾಂಶಗಳಲ್ಲಿ ಮಾಡುತ್ತೇವೆ. ನಮ್ಮ ಕಡೆಯ ಪ್ರೆಸ್ಸುಗಳಲ್ಲಿ ಕೋರಲ್‌ಡ್ರಾ ಹೆಚ್ಚು. ಹಣ ಕೊಡದೆ ಸಿಗುವುದು ಇಂಕ್‌ಸ್ಕೇಪ್, 2003ರಲ್ಲಿ ಸೋಡಿಪೋಡಿ ಎಂಬ ತಂತ್ರಾಂಶದಿಂದ ಒಡೆದು ಬಂದದ್ದು. ಅದು ಚಿತ್ರವನ್ನು ಎಸ್‌ವಿಜಿ ಎಂಬ ಬರಹರೂಪದಲ್ಲಿ ಉಳಿಸುತ್ತದೆ. ಈ ರೂಪ 2001ರಲ್ಲಿ ಅಂತರರಾಷ್ಟ್ರೀಯವಾಗಿ ಗೊತ್ತುಪಡಿಸಿದ್ದು. ಇದರಲ್ಲಿ ಗೆರೆ ಎಂದರೆ ಬಿಂದುಗಳ ಸಾಲು ಅಷ್ಟೇ. ದಪ್ಪ, ತುಂಡು, ಮೊನೆ ಇವೆಲ್ಲ ಆ ಸಾಲಿಗೆ ತೊಡಿಸಿದ ಉಡುಪು; ಬೇಕಾದಾಗ ಬದಲಿಸಬಹುದು. ಶಾಯಿಯ ಕಾಲಕ್ಕೂ ಈಗಿನದಕ್ಕೂ ಇದೇ ದೊಡ್ಡ ಅಂತರ. ಇವತ್ತು ಬೆರಕೆ ಎಂದು ತುಂಡು ಮಾಡಿದ ಗೆರೆಯನ್ನು ನಾಳೆ ಹೊಸ ಊರಿನ ಮಾಹಿತಿ ಬಂದಾಗ ಗಟ್ಟಿ ಮಾಡಬಹುದು.

ಇಂಕ್‌ಸ್ಕೇಪಿನಲ್ಲಿ ಬೆಜಿಯೆ ಪೆನ್ನಿನಿಂದ (ಬಿ ಕೀಲಿ) ಊರಿಂದ ಊರಿಗೆ ಕ್ಲಿಕ್ ಮಾಡುತ್ತ ಹೋಗಿ ಎಂಟರ್ ಒತ್ತಿದರೆ ಗೆರೆ ಮುಗಿಯುತ್ತದೆ. ಶಿಫ್ಟ್, ಕಂಟ್ರೋಲ್, ಎಫ್ ಕೂಡಿ ಒತ್ತಿದರೆ ಬಣ್ಣ ಮತ್ತು ಗೆರೆಯ ಫಲಕ ತೆರೆಯುತ್ತದೆ. ಅದರ ಸ್ಟ್ರೋಕ್ ಸ್ಟೈಲ್ ಎಂಬ ಭಾಗದಲ್ಲಿ ತುಂಡಿನ ನಮೂನೆಗಳೂ ಮೊನೆಗಳೂ ಇರುತ್ತವೆ. 2022ರಲ್ಲಿ ಬಂದ 1.2ನೇ ಆವೃತ್ತಿಯಿಂದ ನಮೂನೆಯನ್ನು ಅಂಕಿಯಲ್ಲಿ ನಾವೇ ಬರೆದು ಕೊಡಬಹುದು.

ಈ ಅಂಕಿಗಳ ಅರ್ಥ ನೇಕಾರನಿಗೆ ಹೇಳಿಕೊಡಬೇಕಿಲ್ಲ, ಅದು ರಿಪೀಟ್. ಒಂದು ಅಂಕಿ ಮಸಿಗೆ, ಮುಂದಿನದು ಖಾಲಿಗೆ, ಮತ್ತೆ ಮಸಿ, ಮತ್ತೆ ಖಾಲಿ. ಜಕಾರ್ಡಿನಲ್ಲಿ ಎಳೆ ಎತ್ತುವುದು, ಬಿಡುವುದು ಇದ್ದ ಹಾಗೆ. '6 3' ಎಂದರೆ ಆರು ಮಸಿ, ಮೂರು ಖಾಲಿ. ಬೆಸ ಸಂಖ್ಯೆಯ ಅಂಕಿ ಕೊಟ್ಟರೆ ಮಾತ್ರ ಎಚ್ಚರವಿರಲಿ. '5 3 1' ಎಂದು ಬರೆದರೆ ಮೊದಲ ಸುತ್ತಿನಲ್ಲಿ ಐದು ಮಸಿ, ಮೂರು ಖಾಲಿ, ಒಂದು ಮಸಿ; ಎರಡನೆಯ ಸುತ್ತಿನಲ್ಲಿ ಅದು ಮಗುಚಿಕೊಂಡು ಐದು ಖಾಲಿ, ಮೂರು ಮಸಿ, ಒಂದು ಖಾಲಿ ಆಗುತ್ತದೆ. ಎರಡು ಬಣ್ಣದ ಪಟ್ಟಿಗಳನ್ನು ಬೆಸ ಎಣಿಕೆಯಲ್ಲಿ ಒಂದರ ಮೇಲೊಂದು ಹಾಸಿದಾಗ ಮುಂದಿನ ರಿಪೀಟಿನಲ್ಲಿ ಬಣ್ಣ ಅದಲುಬದಲಾಗುವುದನ್ನು ಚಾದರದವರು ದಿನಾ ನೋಡುತ್ತಾರೆ.

ಗೆರೆಯ ತುದಿಯ ಆಕಾರ ಇನ್ನೊಂದು ತೊಡಕು. ತುದಿ ಚಪ್ಪಟೆಯಾಗಿದ್ದರೆ ಕೊಟ್ಟ ಅಳತೆಯೇ ಬರುತ್ತದೆ. ದುಂಡಗೆ ಅಥವಾ ಚೌಕ ಮಾಡಿದರೆ ಪ್ರತಿ ತುಂಡೂ ಎರಡೂ ಕಡೆ ದಪ್ಪದ ಅರ್ಧದಷ್ಟು ಬೆಳೆಯುತ್ತದೆ. 0.4 ಮಿ.ಮೀ. ದಪ್ಪದ ಗೆರೆಗೆ 2 ಮಿ.ಮೀ. ಮಸಿ, 1.2 ಮಿ.ಮೀ. ಖಾಲಿ ಎಂದು ಕೊಟ್ಟು ತುದಿ ದುಂಡಗೆ ಮಾಡಿದರೆ ಕಾಣುವುದು 2.4 ಮಸಿ, 0.8 ಖಾಲಿ. ಖಾಲಿಯನ್ನು 0.4 ಎಂದೇ ಕೊಟ್ಟಿದ್ದರೆ ತುಂಡುಗಳು ಒಂದಕ್ಕೊಂದು ತಾಗಿ ಗೆರೆ ಗಟ್ಟಿಯಾದಂತೆಯೇ ಸರಿ, 'ಬೆರಕೆ' ಎಂದು ಹೇಳಬೇಕಾದ ಗೆರೆ 'ಖಚಿತ' ಎಂದು ಹೇಳುತ್ತದೆ. ಇದೇ ಗುಣದಿಂದ ಒಂದು ಉಪಕಾರವೂ ಉಂಟು: ಮಸಿಗೆ ಸೊನ್ನೆ, ಖಾಲಿಗೆ 1.2 ಕೊಟ್ಟು ತುದಿ ದುಂಡಗೆ ಮಾಡಿದರೆ ಅಚ್ಚುಕಟ್ಟಾದ ಚುಕ್ಕೆಗೆರೆ ಸಿಗುತ್ತದೆ. ಚಪ್ಪಟೆ ತುದಿಗೆ ಸೊನ್ನೆ ಕೊಟ್ಟರೆ ಏನೂ ಕಾಣುವುದಿಲ್ಲ.

ಈಗ ಬಾಣದ ವಿಚಾರ. (ಎಂಐಡಿಸಿಯಲ್ಲಿ ಈ ಪದವನ್ನು ಜೋಪಾನವಾಗಿ ಆಡಬೇಕು. ಹಾಸಿಗೆ ತಾಣಾ, ಹೊಕ್ಕಿಗೆ ಬಾಣಾ ಎಂಬ ಮರಾಠಿ ಮಾತೇ ಇಲ್ಲಿನ ಕನ್ನಡದವರ ಬಾಯಲ್ಲೂ ಇದೆ. "ಬಾಣಾ ಎಲ್ಲಿ ಹಾಕ್ಲಿ?" ಅಂದರೆ ನೂಲಿನ ಕಂಡಿಕೆ ತಂದು ಕೊಟ್ಟಾರು.) ಉಪಭಾಷಾ ನಕ್ಷೆಯಲ್ಲಿ ಬಾಣಕ್ಕೆ ಎರಡು ಕೆಲಸ. ಒಂದು, ಜನ ಎಲ್ಲಿಂದ ಎಲ್ಲಿಗೆ ಬಂದರು ಎಂದು ತೋರಿಸುವುದು. ಎರಡು, ಪದ ಯಾವ ಭಾಷೆಯಿಂದ ಯಾವುದಕ್ಕೆ ಹೋಯಿತು ಎಂದು ತೋರಿಸುವುದು. ಇವೆರಡನ್ನೂ ಒಂದೇ ಬಗೆಯ ಬಾಣದಿಂದ ತೋರಿಸಿದರೆ ಗೊಂದಲ ತಪ್ಪದು.

ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಸುಮಾರು 40 ಕಿ.ಮೀ. ಎಂಐಡಿಸಿ ದಾಟಿದ ಮೇಲೆ ಕುಂಭಾರಿ, ವಳಸಂಗ ಸಿಗುತ್ತವೆ. ಪಾಳಿ ಬದಲಾಗುವ ಹೊತ್ತಿಗೆ ಈ ರಸ್ತೆಯಲ್ಲಿ ನಿಂತರೆ ಕನ್ನಡ, ತೆಲುಗು, ಮರಾಠಿ, ದಖನಿ ಒಟ್ಟಿಗೆ ಕಿವಿಗೆ ಬೀಳುತ್ತವೆ. ಪದ್ಮಶಾಲಿಗಳ ತೆಲುಗು ಇಲ್ಲಿನ ಮಗ್ಗದ ಹಳೆಯ ಮಾತು. ಇಂಥ ಜಾಗವನ್ನು ಸಮಭಾಷಾರೇಖೆಯ ಒಳಗೆ ಹಿಡಿಯಲು ಬರುವುದಿಲ್ಲ. ಅದು ಪ್ರದೇಶವಲ್ಲ, ಸಂತೆ. ಅಲ್ಲಿಗೆ ಹಳ್ಳಿಯಿಂದ ಒಂದು ಬಾಣ ಬರಬೇಕು, ಅಲ್ಲಿಂದ ಹಳ್ಳಿಗೆ ಇನ್ನೊಂದು ಹೋಗಬೇಕು. ಲಾಳಿ ಎನ್ನುತ್ತಿದ್ದ ಮನೆಯಲ್ಲಿ ಮಗ 'ಧೋಟಾ' ಎನ್ನತೊಡಗುವುದು ಈ ಎರಡನೆಯ ಬಾಣದ ಕೆಲಸ. ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಸಾಂಗಲಿ ಜಿಲ್ಲೆಯ ಕುಪವಾಡದ ಬಗ್ಗೆ ಬರೆದ ಪ್ರಸಿದ್ಧ ಲೇಖನ ನಮ್ಮ ವಿದ್ವಾಂಸರಿಗೆ ಗೊತ್ತಿದ್ದೇ ಇದೆ. ಅಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಪದಗಳನ್ನು ಬೇರೆ ಇಟ್ಟುಕೊಂಡು ವಾಕ್ಯದ ಕಟ್ಟಿನಲ್ಲಿ ಒಂದಾಗಿದ್ದವು. ಅಂಥದ್ದಕ್ಕೆ ಒಂದು ಮೊನೆಯ ಬಾಣ ಸುಳ್ಳು. ಎರಡೂ ತುದಿಗೆ ಮೊನೆ ಬೇಕು.

ಮೊನೆಯ ದಿಕ್ಕನ್ನು ತಂತ್ರಾಂಶ ಹೇಗೆ ತಿಳಿಯುತ್ತದೆ? ನಾವು ಮೊದಲು ಕ್ಲಿಕ್ ಮಾಡಿದ ಬಿಂದು ಆರಂಭ, ಕೊನೆಯದು ಅಂತ್ಯ. ಕನ್ನಡದ 'ತುಪ್ಪ' ಮರಾಠಿಗೆ ಹೋಗಿ 'ತೂಪ' ಆದದ್ದನ್ನು ಬರೆಯುವಾಗ ಕನ್ನಡದ ಕಡೆಯಿಂದ ಕ್ಲಿಕ್ ಶುರು ಮಾಡಿ ಅಂತ್ಯದ ಮೊನೆ ಆರಿಸಿದರೆ ಸರಿಯಾಗುತ್ತದೆ. ದಿಕ್ಕು ತಿರುಗಬೇಕಾದರೆ ಪಾಥ್ ಪಟ್ಟಿಯಲ್ಲಿ ರಿವರ್ಸ್ ಎಂಬ ಆಜ್ಞೆ ಇದೆ. ನಡುಬಿಂದುಗಳಿಗೆ ಹಾಕುವ ಮೊನೆ ಪ್ರತಿಯೊಂದು ಬಿಂದುವಿನಲ್ಲೂ ಕಾಣುತ್ತದೆ. ಹತ್ತು ಊರು ಕ್ಲಿಕ್ ಮಾಡಿದ ಗೆರೆಗೆ ಅದನ್ನು ಹಾಕಿದರೆ ಜಾಲಿಮುಳ್ಳು ಆದಂತೆ.

ಮಗ್ಗಕ್ಕೆ ಕನ್ನಡದಲ್ಲಿ 'ಮಗ್ಗ', ತೆಲುಗಿನಲ್ಲಿ 'ಮಗ್ಗಂ', ಮರಾಠಿಯಲ್ಲಿ 'ಮಾಗ'. ಮೂರೂ ಒಂದೇ ಶೆಡ್ಡಿನಲ್ಲಿ ಕೇಳುತ್ತವೆ. ಇಂಥ ಕಡೆ ನಾನು ಮೂರನ್ನೂ ಮೊನೆಯಿಲ್ಲದ ಗೆರೆಯಿಂದ ಕೂಡಿಸುತ್ತೇನೆ. ಮೊನೆ ಇಟ್ಟೆವೆಂದರೆ ಯಾರು ಯಾರಿಗೆ ಕೊಟ್ಟರು ಎಂದು ತೀರ್ಪು ಹೇಳಿದ ಹಾಗೆ. ಗಡಿಯಲ್ಲಿ ಪದದ ಸಾಲ ಕೂಡ ಮಾನದ ಪ್ರಶ್ನೆ ಆಗುತ್ತದೆ, "ನಮ್ಮದ ಅವ್ರು ಒಯ್ದಾರ" ಎನ್ನುವ ಜಗಳಕ್ಕೆ ನಕ್ಷೆ ಸಾಕ್ಷಿ ಆಗಬಾರದು. ಧ್ವನಿ ಬದಲಾವಣೆಯ ಆಧಾರವನ್ನು ಪ್ರಬಂಧದಲ್ಲಿ ಬರೆದು ತೋರಿಸಲು ಬಂದಾಗ ಮಾತ್ರ ಮೊನೆ.

ತುಂಡುಗೆರೆಗೆ ಮೊನೆ ಹಾಕುವಾಗ ಬರುವ ತೊಂದರೆ ಎಲ್ಲರೂ ಕಂಡದ್ದೇ: ಕೊನೆಯಲ್ಲಿ ಖಾಲಿ ಜಾಗ ಬಂದು ಮೊನೆ ಗೆರೆಯಿಂದ ಕಳಚಿಕೊಂಡು ತೇಲುತ್ತದೆ. ನಮೂನೆ ಯಾವಾಗಲೂ ಆರಂಭದ ಬಿಂದುವಿನಿಂದ ಮಸಿಯೊಂದಿಗೇ ಶುರುವಾಗುತ್ತದೆ ಎಂಬುದನ್ನು ನೆನಪಿಟ್ಟರೆ ಇದಕ್ಕೆ ಸುಲಭ ಉಪಾಯವಿದೆ. ಬಾಣ ಮುಟ್ಟಬೇಕಾದ ಊರಿನಿಂದಲೇ ಗೆರೆ ಶುರು ಮಾಡಿ, ಆರಂಭದ ಮೊನೆ ಹಾಕಬೇಕು. ಆಗ ಮೊನೆಗೆ ಹೊಂದಿಕೊಂಡು ಮಸಿಯೇ ಇರುತ್ತದೆ, ಖಾಲಿ ಬಂದರೂ ಬಾಲದ ಕಡೆ ಬರುತ್ತದೆ.

ಮೊನೆಯ ಗಾತ್ರ ಸಾಮಾನ್ಯವಾಗಿ ಗೆರೆಯ ದಪ್ಪಕ್ಕೆ ತಕ್ಕಂತೆ ಬೆಳೆಯುತ್ತದೆ. 0.2 ಮಿ.ಮೀ. ಗೆರೆಯನ್ನು 0.8 ಮಾಡಿದರೆ ಮೊನೆಯೂ ನಾಲ್ಕು ಪಟ್ಟು. ಪದಗಳ ಸಂಖ್ಯೆಗೆ ತಕ್ಕಂತೆ ಗೆರೆ ದಪ್ಪ ಮಾಡುವವರು ಇದನ್ನು ನೋಡಿಕೊಳ್ಳಬೇಕು. ಇಲ್ಲವಾದರೆ ದೊಡ್ಡ ಮೊನೆಯ ಕೆಳಗೆ ವಳಸಂಗವೇ ಮುಚ್ಚಿಹೋಗುತ್ತದೆ. 2015ರ 0.91 ಆವೃತ್ತಿಗಿಂತ ಹಿಂದಿನ ಇಂಕ್‌ಸ್ಕೇಪಿನಲ್ಲಿ ಗೆರೆಗೆ ಬಣ್ಣ ಕೊಟ್ಟರೂ ಮೊನೆ ಕಪ್ಪಾಗಿಯೇ ಉಳಿಯುತ್ತಿತ್ತು. ಹಳೆಯ ಕಂಪ್ಯೂಟರು ಇಟ್ಟುಕೊಂಡ ಸಂಘಗಳಲ್ಲಿ ಇದು ಈಗಲೂ ಎದುರಾಗಬಹುದು.

ಕೊನೆಗೆ ಅಚ್ಚಿನ ಮಾತು. ನಕ್ಷೆಯನ್ನು ಎ4 ಹಾಳೆಯಲ್ಲಿ ಬರೆದು ಪುಸ್ತಕಕ್ಕೆ ಅರ್ಧ ಅಳತೆಗೆ ಇಳಿಸಿದರೆ 0.3 ಮಿ.ಮೀ. ಗೆರೆ 0.15 ಆಗುತ್ತದೆ, 0.6ರ ಖಾಲಿ 0.3 ಆಗಿ ಮಸಿಯಲ್ಲಿ ತುಂಬಿಕೊಳ್ಳುತ್ತದೆ. ಆದ್ದರಿಂದ ಪುಟದ ಅಳತೆಯಲ್ಲೇ ಬರೆಯಬೇಕು. ಊರಿನ ಹೆಸರುಗಳನ್ನು ಪ್ರೆಸ್ಸಿಗೆ ಕಳಿಸುವ ಪ್ರತಿಯಲ್ಲಿ ಮಾತ್ರ ಆಕಾರಕ್ಕೆ ಬದಲಿಸಬೇಕು, ಇಲ್ಲದಿದ್ದರೆ ಅವರಲ್ಲಿ ಆ ಅಕ್ಷರವಿನ್ಯಾಸ ಇಲ್ಲದೆ ಒತ್ತಕ್ಷರ ಚದುರುತ್ತವೆ. ತಿದ್ದುವ ಪ್ರತಿ ನಮ್ಮ ಹತ್ತಿರ ಬೇರೆ ಇರಲಿ. ಕಳಿಸುವ ಮುಂಚೆ ನಕ್ಷೆಯನ್ನು ಕಪ್ಪುಬಿಳುಪಿನಲ್ಲಿ ಒಮ್ಮೆ ಝೆರಾಕ್ಸ್ ತೆಗೆಸಿ, ಆ ಝೆರಾಕ್ಸನ್ನು ಮತ್ತೊಮ್ಮೆ ಝೆರಾಕ್ಸ್ ತೆಗೆಸಿ ನೋಡಬೇಕು. ನಮ್ಮ ಸಂಪುಟಗಳು ಹಳ್ಳಿಯ ಮಾಸ್ತರರ ಕೈಗೆ ಮುಟ್ಟುವುದು ಬಹಳ ಮಟ್ಟಿಗೆ ಆ ರೂಪದಲ್ಲೇ. ಎರಡನೆಯ ಪ್ರತಿಯಲ್ಲೂ ಚುಕ್ಕೆಗೆರೆ, ತುಂಡುಗೆರೆ, ಗಡಿಗೆರೆ ಮೂರೂ ಬೇರೆ ಬೇರೆಯಾಗಿ ಕಂಡರೆ ಅಚ್ಚಿಗೆ ಕೊಡಬಹುದು.