ಅತ್ತೆಯ ದನಿ ಬಾವಿಗೆ ಬಿದ್ದದ್ದು ಹೇಗೆ?

“ಏನೋ ಇದು, ನಾನು ಬಾವಿಯೊಳಗೆ ಕೂತು ಹಾಡಿದ ಹಾಗಿದೆಯಲ್ಲೋ!”

ಭದ್ರಾವತಿಯಿಂದ ಅತ್ತೆ ಫೋನ್ ಮಾಡಿ ಹೀಗಂದಾಗ ನನಗೆ ಕೈಕಾಲೇ ಆಡಲಿಲ್ಲ. ಮರುದಿನ ಅವರು ಥೈರಾಯ್ಡ್ ಆಪರೇಷನ್‌ಗೆ ಆಸ್ಪತ್ರೆ ಸೇರಬೇಕಿತ್ತು. ಆಮೇಲೆ ದನಿ ಸ್ವಲ್ಪ ಬದಲಾದರೂ ಬದಲಾಗಬಹುದು ಅಂತ ಡಾಕ್ಟರು ಹೇಳಿದ್ದರು. ಆಕಾಶವಾಣಿ ಭದ್ರಾವತಿಯ 675 ಕಿಲೋಹರ್ಟ್ಸ್‌ನಲ್ಲಿ ಶಿವಮೊಗ್ಗ ಸುಬ್ಬಣ್ಣನವರ ಭಾವಗೀತೆ ಕೇಳುತ್ತಾ ಬೆಳೆದ ದನಿ ಅದು. ಅದಕ್ಕೇ ಹಿಂದಿನ ಭಾನುವಾರ ಶಿವಮೊಗ್ಗದಿಂದ ಲ್ಯಾಪ್‌ಟಾಪು, ಇಂಟರ್‌ಫೇಸು, ಮೈಕು ಹೊತ್ತುಕೊಂಡು ಹೋಗಿ ರೆಕಾರ್ಡ್ ಮಾಡಿದ್ದೆ. ಅತ್ತೆ, ಜೊತೆಗೆ ಅವರ ಭಜನಾ ಮಂಡಳಿಯ ಮೂವರು, ಹಾರ್ಮೋನಿಯಂ, ತಬಲಾ. ಒಟ್ಟು ಆರು ಟ್ರ್ಯಾಕು. ಮತ್ತೆ ಹಾಡಿಸೋಕೆ ಸಮಯವಿರಲಿಲ್ಲ.

ನಾನು ಬಳಸೋದು ರೀಪರ್. ಅದರಲ್ಲಿ ಹೊಸ ಟ್ರ್ಯಾಕು ತಾನಾಗಿಯೇ ಮಾಸ್ಟರ್‌ಗೆ ಹೋಗುತ್ತೆ. ನಡುವೆ ಒಂದು ಬಸ್ ಇಟ್ಟು ಹಲವು ಟ್ರ್ಯಾಕುಗಳನ್ನು ಒಟ್ಟಿಗೆ ಕಳಿಸಬಹುದು. ನಮ್ಮ ಕಡೆಯವರಿಗೆ ಹೇಳೋದಾದ್ರೆ, ಬಸ್ ಅಂದ್ರೆ ಕೂಡ್ಲಿ. ತುಂಗೆ, ಭದ್ರೆ ಅಲ್ಲಿ ಸೇರಿದ ಮೇಲೆ ಹರಿಯೋದು ಒಂದೇ ತುಂಗಭದ್ರೆ. ನಾಲ್ಕು ದನಿಗೂ ಸೇರಿ ಬಸ್ ಮೇಲೆ ಒಂದೇ ಕಂಪ್ರೆಸರ್ ಹಾಕಬಹುದು, ಒಂದೇ ಫೇಡರ್‌ನಿಂದ ಏರಿಸಿ ಇಳಿಸಬಹುದು. ಸೆಂಡ್ ಅಂದ್ರೆ ಭದ್ರಾ ನಾಲೆಯ ಹಾಗೆ. ಹೊಳೆ ತನ್ನ ಪಾಡಿಗೆ ಹರಿಯುತ್ತಿರುತ್ತೆ, ಒಂದು ಪಾಲು ನೀರು ಬೇರೆ ಕಡೆಗೆ, ಅಂದರೆ ರಿವರ್ಬ್‌ಗೆ, ಹೋಗುತ್ತೆ.

ರಾತ್ರಿ ಹನ್ನೊಂದಕ್ಕೆ ಕೋಡ್ ಡೀಬಗ್ ಮಾಡುವ ಹಾಗೆ ಕೂತೆ. ಮೊದಲು ದನಿಗಳ ಬಸ್ ಮ್ಯೂಟ್ ಮಾಡಿದೆ. ಹಾಡು ನಿಲ್ಲಲಿಲ್ಲ! ಬಸ್‌ಗೆ ಕಳಿಸಿದ ಟ್ರ್ಯಾಕುಗಳಲ್ಲಿ ‘ಮಾಸ್ಟರ್ ಸೆಂಡ್’ ಗುರುತು ತೆಗೆಯೋದನ್ನೇ ಮರೆತಿದ್ದೆ. ಒಂದೇ ದನಿ ಎರಡು ದಾರಿಯಲ್ಲಿ ಹೋಗುತ್ತಿತ್ತು. ಒಂದೇ ಮಟ್ಟದ, ಒಂದೇ ತರಹದ ಎರಡು ಸದ್ದು ಸೇರಿದರೆ 6 ಡೆಸಿಬೆಲ್ ಏರುತ್ತೆ. ಜೋರಾಯ್ತು ಅಂತ ನಾನು ದನಿಗಳ ಫೇಡರ್ ಇಳಿಸುತ್ತಾ ಹೋಗಿದ್ದೆ.

ಆಮೇಲೆ ಬಸ್ ಮ್ಯೂಟ್ ತೆಗೆದು, ಅತ್ತೆಯ ಫೇಡರ್ ಪೂರ್ತಿ ಕೆಳಗಿಳಿಸಿದೆ. ಹಾಡು ನಿಂತಿತು, ಪ್ರತಿಧ್ವನಿ ಮಾತ್ರ ನಿಲ್ಲಲಿಲ್ಲ. ರಿವರ್ಬ್ ಸೆಂಡ್ ಪ್ರೀ-ಫೇಡರ್‌ನಲ್ಲಿತ್ತು. ಗೇಟಿಗಿಂತ ಮೊದಲೇ ಹೊರಟ ನಾಲೆ ಅದು, ಗೇಟ್ ಇಳಿಸಿದರೂ ಅದರ ನೀರು ಕಡಿಮೆಯಾಗಲ್ಲ. ನಾನು ಫೇಡರ್ ಇಳಿಸಿದಷ್ಟೂ ಅತ್ತೆಯ ಅಸಲಿ ದನಿ ಸಣ್ಣದಾಗುತ್ತಿತ್ತು, ಪ್ರತಿಧ್ವನಿ ಹಾಗೇ ಉಳಿಯುತ್ತಿತ್ತು. ಬಾವಿ ತೋಡಿದ್ದು ನಾನೇ!

ಮಾಸ್ಟರ್ ಸೆಂಡ್ ಗುರುತು ತೆಗೆದೆ, ರಿವರ್ಬ್ ಸೆಂಡನ್ನು ಪೋಸ್ಟ್-ಫೇಡರ್‌ಗೆ ಬದಲಿಸಿದೆ, ಫೇಡರ್‌ಗಳನ್ನು ಮೊದಲಿದ್ದಲ್ಲಿಗೆ ತಂದೆ. ಐದು ನಿಮಿಷದ ಕೆಲಸ. ರೆಕಾರ್ಡಿಂಗ್‌ಗೆ ಏನೂ ಆಗಿರಲಿಲ್ಲ, ತಪ್ಪಿದ್ದು ದಾರಿ ಅಷ್ಟೆ.

ನೀವೂ ಮನೆಯವರ ಹಾಡು ಮಿಕ್ಸ್ ಮಾಡುತ್ತಿದ್ದರೆ, ಹೊಸ ಎಫೆಕ್ಟ್ ಹುಡುಕುವ ಮೊದಲು ಒಂದೊಂದೇ ಫೇಡರ್ ಪೂರ್ತಿ ಇಳಿಸಿ ನೋಡಿ. ಆಮೇಲೂ ಆ ದನಿ ಕೇಳಿಸಿದರೆ, ಅದು ಇನ್ನೊಂದು ದಾರಿಯಲ್ಲಿ ಬರುತ್ತಿದೆ ಅಂತ ಅರ್ಥ. ದನಿಗಳನ್ನು ಒಂದು ಫೋಲ್ಡರ್ ಟ್ರ್ಯಾಕ್ ಒಳಗೆ ಹಾಕಿದರೆ ಆ ಫೋಲ್ಡರೇ ಬಸ್ ಆಗುತ್ತೆ, ಎರಡು ದಾರಿಯ ಗೊಂದಲವೇ ಇರಲ್ಲ.

ಮರುದಿನ ಆಸ್ಪತ್ರೆಯಲ್ಲಿ ಅತ್ತೆಯ ಕಿವಿಗೆ ಇಯರ್‌ಫೋನ್ ಇಟ್ಟೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

“ಹ್ಞೂಂ, ಇದು ನಾನೇ ಕಣೋ,” ಅಂದರು.