ಕಾರಿನ ಎಂಜಿನ್ ಆಯಿಲ್ ಬದಲಾಯಿಸುವುದು ಹೇಗೆ?

ಕಾರು ಪೆಟ್ರೋಲಿನಿಂದ ಓಡುತ್ತದೆ ಎಂದು ನಮಗೆಲ್ಲಾ ಗೊತ್ತು. ಆದರೆ ಪೆಟ್ರೋಲ್ ತುಂಬಿದ್ದರೂ ಎಂಜಿನ್ ಆಯಿಲ್ ಇಲ್ಲದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಎಂಜಿನ್ ಹಿಡಿದುಕೊಂಡು ನಿಂತುಬಿಡುತ್ತದೆ. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದಿಲ್ಲವೇ, ಹಾಗೆಯೇ ಇದು.

ನಮ್ಮ ಚಿಕ್ಕಪ್ಪನ ಹತ್ತಿರ ಹಳೇ ಮಾರುತಿ 800 ಇದೆ. ಈ ಕಾರು 1983ರಿಂದ 2014ರವರೆಗೆ ತಯಾರಾಯಿತು. ಎಂಜಿನ್ನಿಗೆ ಮೂರೇ ಸಿಲಿಂಡರ್, ಆಯಿಲ್ ಹಿಡಿಯುವುದು ಸುಮಾರು 3 ಲೀಟರ್. ಚಿಕ್ಕಪ್ಪ ಮನೆ ಮುಂದೇನೇ ಆಯಿಲ್ ಬದಲಾಯಿಸ್ತಾರೆ. ಪಾನ, ಬಾಂಡ್ಲಿ ಎತ್ತಿಕೊಡುವ ಕೆಲಸ ನನ್ನದು.

ಮೊದಲು ಐದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಬೇಕು. ಯಾಕೆ ಅಂದರೆ, ಆಲೆಮನೆಯಲ್ಲಿ ಬಿಸಿ ಪಾಕ ಸಲೀಸಾಗಿ ಹರಿಯುತ್ತೆ, ಆರಿದರೆ ಅಲ್ಲಾಡಲ್ಲ. ಆಯಿಲ್ ಕೂಡ ಹಾಗೇ. ಆದರೆ ಕೈ ಸುಡುವಷ್ಟು ಬಿಸಿ ಇರಬಾರದು. ಹ್ಯಾಂಡ್ ಬ್ರೇಕ್ ಹಾಕಿ ಚಕ್ರಕ್ಕೆ ಕಲ್ಲು ಕೊಡಬೇಕು. ಬರೀ ಜಾಕಿ ಮೇಲೆ ನಿಂತಿರುವ ಕಾರಿನ ಕೆಳಗೆ ಯಾರೂ ನುಸುಳಲೇಬಾರದು, ಜಾಕಿ ಜಾರಿದರೆ ಪ್ರಾಣವೇ ಹೋಗುತ್ತೆ.

ಎಂಜಿನ್ ಮೇಲಿನ ಮುಚ್ಚಳ ತೆಗೆದು, ಅಡಿಯ ಬೋಲ್ಟ್ ಬಿಚ್ಚಿದರೆ ಕಪ್ಪು ಆಯಿಲ್ ಬಾಂಡ್ಲಿಗೆ ಇಳಿಯುತ್ತದೆ. ಕಪ್ಪಾದ ಮಾತ್ರಕ್ಕೆ ಕೆಟ್ಟಿದೆ ಅಂತ ಅಲ್ಲ, ಎಂಜಿನ್ನಿನ ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದೂ ಅದರ ಕೆಲಸವೇ. ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂಬುದನ್ನು ಕಾರಿನ ಪುಸ್ತಕ ನೋಡಿ ತಿಳಿಯಬೇಕು. ಆಮೇಲೆ ಹಳೇ ಫಿಲ್ಟರ್ ತಿರುಗಿಸಿ ತೆಗೆದು, ಹೊಸದರ ರಬ್ಬರ್ ಬಳೆಗೆ ಒಂಚೂರು ಆಯಿಲ್ ಸವರಿ ಕೈಯಲ್ಲೇ ಬಿಗಿ ಮಾಡಬೇಕು. ಬೋಲ್ಟ್ ಮತ್ತೆ ಹಾಕಿ ಎರಡೂವರೆ ಲೀಟರ್ ಸುರಿದು, ಅಳತೆ ಕಡ್ಡಿ ನೋಡಿಕೊಂಡು ಉಳಿದದ್ದು ಹಾಕಬೇಕು. ಎರಡು ಗೀಟಿನ ನಡುವೆ ಇರಬೇಕು. ಜಾಸ್ತಿ ಆದರೂ ನೊರೆ ಎದ್ದು ಎಂಜಿನ್ನಿಗೆ ಕೇಡು. ಒಂದು ನಿಮಿಷ ಓಡಿಸಿ, ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡಬೇಕು.

ಇಷ್ಟೆಲ್ಲಾ ಸುಲಭ. ಕಷ್ಟ ಇರುವುದು ಬಾಂಡ್ಲಿಯಲ್ಲಿ ಉಳಿದ ಆಯಿಲ್‌ದು. ತುಂಬಾ ಜನ ಅದನ್ನು ಚರಂಡಿಗೋ ಕಾಲುವೆಗೋ ಚೆಲ್ಲುತ್ತಾರೆ. ಬೆಂಜಮಿನ್ ಫ್ರಾಂಕ್ಲಿನ್ ಎಂಬ ವಿಜ್ಞಾನಿ ಲಂಡನ್ನಿನ ಕ್ಲಾಪಮ್‌ನ ಕೊಳಕ್ಕೆ ಒಂದು ಟೀ ಚಮಚದಷ್ಟು ಎಣ್ಣೆ ಹಾಕಿದಾಗ ಅದು ಸುಮಾರು ಅರ್ಧ ಎಕರೆ ಹರಡಿತಂತೆ. ಇದನ್ನು ಅವರು 1774ರಲ್ಲಿ ಪ್ರಕಟಿಸಿದರು. ಅರ್ಧ ಎಕರೆ ಅಂದರೆ 20 ಗುಂಟೆ! ಒಂದು ಚಮಚಕ್ಕೇ ಹೀಗಾದರೆ 3 ಲೀಟರಿಗೆ ಎಷ್ಟು, ಲೆಕ್ಕದ ಮೇಷ್ಟ್ರು ಹೇಳಬೇಕು. ಎಣ್ಣೆಯ ಪದರ ಗಾಳಿಯನ್ನು ನೀರಿಗೆ ಇಳಿಯಲು ಬಿಡುವುದಿಲ್ಲ, ಮೀನು ಸಾಯುತ್ತವೆ. ನಮ್ಮ ತಾಲ್ಲೂಕಿನ ಹೇಮಾವತಿ ಕನ್ನಂಬಾಡಿ ಕಟ್ಟೆಯ ಹಿನ್ನೀರು ಸೇರುತ್ತಾಳೆ. ಆ ನೀರನ್ನು ಎಷ್ಟೋ ಊರಿನವರು ಕುಡಿಯುತ್ತಾರೆ.

ಬಳಸಿದ ಆಯಿಲನ್ನು ನಮ್ಮ ದೇಶದ ಕಾನೂನು ಅಪಾಯಕಾರಿ ತ್ಯಾಜ್ಯ ಎನ್ನುತ್ತದೆ. ಪದೇ ಪದೇ ಚರ್ಮಕ್ಕೆ ತಾಗುವುದೂ ಒಳ್ಳೆಯದಲ್ಲ, ಸೋಪು ಹಾಕಿ ತೊಳೆಯಬೇಕು. ಚಿಕ್ಕಪ್ಪ ಅದನ್ನು ಮುಚ್ಚಳದ ಕ್ಯಾನಿಗೆ ತುಂಬಿ, ಮೇಲೆ ‘ಹಳೇ ಆಯಿಲ್’ ಅಂತ ಬರೆಸ್ತಾರೆ. ಬರೆಯೋನು ನಾನೇ. ಕೃಷ್ಣರಾಜಪೇಟೆಗೆ ಹೋದಾಗ ಗ್ಯಾರೇಜಿಗೆ ಕೊಡ್ತಾರೆ. ಇಂಥ ಆಯಿಲನ್ನು ಶುದ್ಧಿ ಮಾಡಿ ಮತ್ತೆ ಬಳಸುವ ಕಾರ್ಖಾನೆಗಳಿವೆ. ನಿಮ್ಮ ಮನೆಯಲ್ಲಿ ಟ್ರ್ಯಾಕ್ಟರ್, ಬೈಕ್ ಇದ್ದರೂ ಹಳೇ ಆಯಿಲ್ ಎಲ್ಲಿಗೆ ಹೋಗುತ್ತೆ ಅಂತ ಒಮ್ಮೆ ಕೇಳಿ ನೋಡಿ.