ಆಟಿಸಂ ಹೌದೋ ಅಲ್ಲವೋ: ಭಟ್ಕಳದಿಂದ ಕುಮಟಾದವರೆಗೆ

ಆಟಿಸಂ ಇದೆಯೋ ಇಲ್ಲವೋ ಎಂದು ರಕ್ತ ಪರೀಕ್ಷೆ ಹೇಳುವುದಿಲ್ಲ, ಎಂಆರ್‌ಐ ಸ್ಕ್ಯಾನ್ ಕೂಡ ಹೇಳುವುದಿಲ್ಲ. ಮಗು ಹೇಗೆ ಆಡುತ್ತದೆ, ಬೇಕಾದ್ದನ್ನು ಹೇಗೆ ಕೇಳುತ್ತದೆ, ಕರೆದರೆ ತಿರುಗುತ್ತದೆಯೇ ಎಂಬುದನ್ನು ಗಮನಿಸಿ, ಹುಟ್ಟಿದಾಗಿನಿಂದ ಬೆಳೆದು ಬಂದ ಬಗೆಯನ್ನು ಮನೆಯವರಿಂದ ಕೇಳಿಕೊಂಡು ವೈದ್ಯರು ನಿರ್ಧಾರಕ್ಕೆ ಬರುತ್ತಾರೆ. ಸ್ಕ್ಯಾನ್, ಇಇಜಿ ಬೇಕಾಗುವುದು ಫಿಟ್ಸ್‌ನಂಥ ಬೇರೆ ತೊಂದರೆಯ ಅನುಮಾನ ಇದ್ದಾಗ ಮಾತ್ರ. ಹಾಗಾಗಿ ನಿರ್ಣಯ ಎಷ್ಟು ಸರಿಯಾಗಿರುತ್ತದೆ ಎನ್ನುವುದು ವೈದ್ಯರ ಅನುಭವದಷ್ಟೇ ಅವರಿಗೆ ಸಿಕ್ಕ ಮಾಹಿತಿಯ ಮೇಲೂ ನಿಂತಿದೆ. ತಜ್ಞರು ದೂರದಲ್ಲಿರುವ ಉತ್ತರ ಕನ್ನಡದ ಕರಾವಳಿಯಲ್ಲಿ ಈ ಮಾತಿಗೆ ಇನ್ನಷ್ಟು ತೂಕ.

ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿ ಎರಡು ಬಗೆಯ ಲಕ್ಷಣಗಳನ್ನು ನೋಡಲು ಹೇಳುತ್ತದೆ. ಇತರರೊಡನೆ ಬೆರೆಯುವುದರಲ್ಲಿ, ಸಂವಹನದಲ್ಲಿ ಕೊರತೆ ಒಂದು. ಮಾಡಿದ್ದನ್ನೇ ಮಾಡುವುದು, ಬದಲಾವಣೆ ಸಹಿಸದಿರುವುದು, ಸದ್ದು-ಸ್ಪರ್ಶಗಳಿಗೆ ಅತಿಯಾಗಿ ಇಲ್ಲವೇ ತೀರಾ ಕಡಿಮೆ ಸ್ಪಂದಿಸುವುದು ಇನ್ನೊಂದು. ಎರಡೂ ಇರಬೇಕು. ಮಾತು ತಡವಾಗಿದೆ ಎಂಬುದೊಂದೇ ಸಾಲದು. ಹಿಂದೆ ಬೇರೆಯಾಗಿ ಎಣಿಸುತ್ತಿದ್ದ ಆಸ್ಪರ್ಜರ್ ಸಿಂಡ್ರೋಮ್ ಕೂಡ ಈಗ ಇದೇ ಹೆಸರಿನೊಳಗೆ ಸೇರಿದೆ.

ಮನೆಯವರ ಕಣ್ಣಿಗೆ ಮೊದಲು ಬೀಳುವುದು ಮಾತೇ. ಅದಕ್ಕೂ ಮೊದಲೇ ಕಾಣುವ ಸೂಚನೆಗಳು ಹೆಚ್ಚು ಉಪಯುಕ್ತ. ಒಂದೂವರೆ ವರ್ಷದ ಮಗು ಅಂಗಳಕ್ಕೆ ಬಂದ ಕಾಗೆಯತ್ತ ಬೆರಳು ಮಾಡಿ, ಅಮ್ಮನೂ ನೋಡಿದಳೇ ಎಂದು ಅವಳ ಮುಖ ನೋಡುತ್ತದೆ. ಆಟಿಸಂ ಇರುವ ಅನೇಕ ಮಕ್ಕಳು ಹೀಗೆ ತೋರಿಸುವುದಿಲ್ಲ. ಬಿಸ್ಕತ್ತು ಬೇಕಾದರೆ ಅಮ್ಮನ ಮುಂಗೈ ಹಿಡಿದು ಡಬ್ಬಿಯ ಮೇಲೆ ಇಡುತ್ತವೆ, ಮುಖ ನೋಡುವುದಿಲ್ಲ. ಮಾತು ಬಂದ ಮಕ್ಕಳಲ್ಲೂ ಗಮನಿಸಬೇಕಾದ್ದಿದೆ: ರೈಲು ನಿಲ್ದಾಣದ ಹಿಂದಿ ಪ್ರಕಟಣೆಯನ್ನು ಧಾಟಿ ಸಮೇತ ಒಪ್ಪಿಸುವ ಮಗು ‘ನೀರು ಬೇಕು’ ಎಂದು ಕೇಳದೆ ಇರಬಹುದು. ಬಂದಿದ್ದ ಮಾತು ಯಾವ ವಯಸ್ಸಿನಲ್ಲೇ ನಿಂತುಹೋದರೂ ಕಾಯದೆ ವೈದ್ಯರಲ್ಲಿಗೆ ಹೋಗಬೇಕು.

ಕಾಯುವುದಕ್ಕೆ ಕಾರಣಗಳೇನೋ ಬೇಕಾದಷ್ಟು ಸಿಗುತ್ತವೆ. ‘ಅವನ ಅಪ್ಪನಿಗೂ ಮಾತು ನಿಧಾನ’, ‘ಗಂಡುಮಕ್ಕಳು ಹಾಗೇ’. ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತಾರೆ, ಇಡಗುಂಜಿಗೆ ಹರಕೆ ಹೊರುತ್ತಾರೆ. ಹರಕೆಯಿಂದ ನಷ್ಟವಿಲ್ಲ, ಅದು ತೀರುವವರೆಗೆ ಕಾದು ಕೂರುವುದರಿಂದ ಇದೆ. ಅಪ್ಪ ಗಲ್ಫ್‌ನಲ್ಲಿರುವ ಮನೆಗಳಲ್ಲಿ ವಿಡಿಯೊ ಕರೆಯಲ್ಲಿ ಮಗು ಮುಖ ಕೊಡದಿದ್ದರೆ, ಅಪ್ಪನ ಪರಿಚಯವಿಲ್ಲ, ಅದಕ್ಕೇ ಎಂದು ಸಮಾಧಾನ ಮಾಡಿಕೊಳ್ಳುವುದು ಸುಲಭ. ಹೆಣ್ಣುಮಕ್ಕಳ ವಿಷಯದಲ್ಲಿ ಗುರುತಿಸುವುದು ಇನ್ನೂ ತಡ: ಸುಮ್ಮನೆ ಮೂಲೆಯಲ್ಲಿ ಕೂರುವ ಹುಡುಗಿಯನ್ನು ‘ನಾಚಿಕೆ ಸ್ವಭಾವ’ ಎಂದು ಬಿಟ್ಟುಬಿಡುತ್ತಾರೆ.

ಭಾಷೆಯ ಮೇಲೂ ತಪ್ಪು ಹೊರಿಸುವುದುಂಟು. ಭಟ್ಕಳದ ಮಗು ಮನೆಯಲ್ಲಿ ನವಾಯತಿ, ಮದರಸಾದಲ್ಲಿ ಉರ್ದು, ಅಂಗನವಾಡಿಯಲ್ಲಿ ಕನ್ನಡ ಕೇಳಿ ಬೆಳೆಯಬಹುದು. ಹೊನ್ನಾವರ, ಕುಮಟಾಗಳಲ್ಲಿ ಕೊಂಕಣಿಯೋ ಹವ್ಯಕ ಕನ್ನಡವೋ ಹಾಲಕ್ಕಿಗಳ ಮಾತೋ ಮನೆಮಾತಾಗಿರುತ್ತದೆ. ಹಲವು ಭಾಷೆ ಕಿವಿಗೆ ಬೀಳುವುದರಿಂದ ಆಟಿಸಂ ಬರುವುದಿಲ್ಲ, ಮನೆಮಾತು ಬಿಟ್ಟರೆ ಅದು ಹೋಗುವುದೂ ಇಲ್ಲ. ಆದರೆ ಪರೀಕ್ಷೆಯ ಕೋಣೆಯಲ್ಲಿ ಭಾಷೆ ನಿಜಕ್ಕೂ ತೊಡಕಾಗುತ್ತದೆ. ನವಾಯತಿ ಮಾತ್ರ ಬಲ್ಲ ಮಗುವಿಗೆ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ‘ಚೆಂಡು ಕೊಡು’ ಎಂದರೆ ಅದು ಕೊಡದಿರುವುದಕ್ಕೆ ಅರ್ಥವೇನು? ಮನೆಯಲ್ಲಿ ಆಡುವ ಭಾಷೆ ಯಾವುದು, ಎಲ್ಲ ಭಾಷೆ ಸೇರಿ ಮಗುವಿಗೆ ಬರುವ ಪದಗಳೆಷ್ಟು ಎಂಬುದನ್ನು ಮೊದಲೇ ತಿಳಿಸಬೇಕು.

ಮೊದಲು ಮಾಡಿಸಬೇಕಾದ್ದು ಕಿವಿಯ ಪರೀಕ್ಷೆ. ಬಾಗಿಲು ಬಡಿದರೆ ತಿರುಗುವ ಮಗುವಿಗೂ ಮಾತಿನ ಸೂಕ್ಷ್ಮ ಧ್ವನಿಗಳು ಕೇಳದಿರಬಹುದು. ನಿದ್ದೆಯಲ್ಲಿರುವಾಗ ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಮಾಡುವ ಬೆರಾ ಪರೀಕ್ಷೆಗೆ ಮಗುವಿನ ಉತ್ತರವೇ ಬೇಕಿಲ್ಲ. ಕಿವುಡು, ಬುದ್ಧಿ ಬೆಳವಣಿಗೆಯ ಕೊರತೆ, ಮಾತಿನದ್ದೇ ಆದ ತೊಂದರೆ, ಅತಿಯಾದ ಚಟುವಟಿಕೆ ಇವೆಲ್ಲ ಆಟಿಸಂನಂತೆ ಕಾಣಬಲ್ಲವು. ಆಟಿಸಂ ಜೊತೆಗೇ ಇರಲೂಬಲ್ಲವು. ದಿನವಿಡೀ ಮೊಬೈಲ್ ನೋಡುವ ಮಗುವಿಗೆ ಹಚ್ಚುವ ‘ವರ್ಚುವಲ್ ಆಟಿಸಂ’ ಎಂಬ ಹೆಸರು ಡಿಎಸ್‌ಎಂ-5ರಲ್ಲಿಲ್ಲ. ಮೊಬೈಲ್ ಕಡಿಮೆ ಮಾಡುವುದು ಒಳ್ಳೆಯದೇ, ತಪಾಸಣೆ ಮುಂದೂಡಲು ಅದು ನೆಪವಾಗಬಾರದು.

ದಾರಿ ಶುರುವಾಗುವುದು ಊರಿನಲ್ಲೇ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ನಿಯಮದಂತೆ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಅದು ನೋಡುವ ತೊಂದರೆಗಳ ಪಟ್ಟಿಯಲ್ಲಿ ಆಟಿಸಂ ಇದೆ. 16ರಿಂದ 30 ತಿಂಗಳ ಮಕ್ಕಳಿಗೆ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿಯಿದೆ. ಅನುಮಾನ ಇದೆಯೇ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಮುಂದಿನ ಹಂತಕ್ಕೆ ಹೆದ್ದಾರಿ 66 ಹಿಡಿಯಬೇಕು: ಕುಮಟಾದವರಿಗೆ ಉತ್ತರಕ್ಕೆ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರ, ಭಟ್ಕಳದವರಿಗೆ ದಕ್ಷಿಣಕ್ಕೆ ಸುಮಾರು 90 ಕಿಲೋಮೀಟರ್ ದೂರದ ಮಣಿಪಾಲ. ಘಟ್ಟ ಹತ್ತಿದರೆ ಧಾರವಾಡದ ಡಿಮ್ಹಾನ್ಸ್, ಇನ್ನೂ ದೂರ ಹೋದರೆ ಬೆಂಗಳೂರಿನ ನಿಮ್ಹಾನ್ಸ್, 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಅಪಘಾತದ ಗಾಯಾಳುಗಳ ನೆಪದಲ್ಲಿ ಆಗಾಗ ಏಳುತ್ತದೆ. ಇಂಥ ಮಕ್ಕಳ ಅಲೆದಾಟ ಅದರಲ್ಲಿ ಅಷ್ಟಾಗಿ ಕೇಳಿಸುವುದಿಲ್ಲ.

ರಾತ್ರಿಯಿಡೀ ಪಯಣಿಸಿ, ಗದ್ದಲದ ಹೊರರೋಗಿ ವಿಭಾಗದಲ್ಲಿ ಕಾದು ಒಳಹೋಗುವ ಮಗು ಆಗ ತನ್ನ ಸಹಜ ರೂಪದಲ್ಲಿರುವುದಿಲ್ಲ. ಆಟ, ಊಟ, ಓರಗೆಯ ಮಕ್ಕಳ ನಡುವೆ ಇರುವಾಗಿನ ಎರಡು-ಮೂರು ನಿಮಿಷದ ಮೊಬೈಲ್ ವಿಡಿಯೊಗಳು, ತಾಯಿ ಕಾರ್ಡ್, ಹಳೆಯ ಪರೀಕ್ಷೆಗಳ ಚೀಟಿ, ಅಂಗನವಾಡಿ ಟೀಚರ್ ಬರೆದುಕೊಟ್ಟ ನಾಲ್ಕು ಸಾಲು ಜೊತೆಗಿದ್ದರೆ ವೈದ್ಯರಿಗೆ ಮಗುವಿನ ಉಳಿದ ದಿನಗಳೂ ಕಾಣುತ್ತವೆ. ಹಗಲಿಡೀ ಮಗುವನ್ನು ನೋಡಿಕೊಳ್ಳುವವರು ಅಜ್ಜಿಯಾದರೆ ಅವರೂ ಬರುವುದು ಒಳ್ಳೆಯದು. ಹತ್ತು ನಿಮಿಷ ನೋಡಿ, ಯಾವ ಅಳತೆಪಟ್ಟಿಯನ್ನೂ ಬಳಸದೆ ಹೌದು ಅಥವಾ ಅಲ್ಲ ಎಂದು ಖಡಾಖಂಡಿತವಾಗಿ ಹೇಳಿದರೆ ಎರಡನೆಯ ಅಭಿಪ್ರಾಯ ಕೇಳುವುದರಲ್ಲಿ ತಪ್ಪಿಲ್ಲ.

ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆಪಟ್ಟಿ ಐಸಾ. ಅದರಲ್ಲಿ 40 ಅಂಶಗಳಿದ್ದು, ಪ್ರತಿಯೊಂದಕ್ಕೂ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಡಿಮೆಯಿದ್ದರೆ ಆಟಿಸಂ ಇಲ್ಲ ಎಂದೂ 153 ದಾಟಿದರೆ ತೀವ್ರ ಎಂದೂ ಲೆಕ್ಕ. ಅಂಗವೈಕಲ್ಯ ಪ್ರಮಾಣಪತ್ರಕ್ಕೂ ಇದೇ ಆಧಾರ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಆಟಿಸಂ ಸೇರಿದ್ದು, ಶೇ 40 ಅಥವಾ ಹೆಚ್ಚು ಎಂದಾದರೆ ಹಲವು ಸೌಲಭ್ಯಗಳಿಗೆ ಅರ್ಹತೆ ಬರುತ್ತದೆ. ರಾಷ್ಟ್ರೀಯ ನ್ಯಾಸದ ನಿರಾಮಯ ಯೋಜನೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆಯಿದೆ. ಪ್ರಮಾಣಪತ್ರಕ್ಕೆ ಯುಡಿಐಡಿ ಜಾಲತಾಣದಲ್ಲಿ ಅರ್ಜಿ ಹಾಕಬೇಕು.

ಎರಡು ವರ್ಷದ ಮಗುವಿನಲ್ಲಿ ಕೆಲವೊಮ್ಮೆ ಚಿತ್ರ ಸ್ಪಷ್ಟವಿರುವುದಿಲ್ಲ. ಆರು ತಿಂಗಳೋ ವರ್ಷವೋ ಬಿಟ್ಟು ಮತ್ತೆ ಬರಹೇಳುತ್ತಾರೆ. ಆವರೆಗೆ ಸ್ಪೀಚ್ ಥೆರಪಿಯನ್ನೂ ಮನೆಯ ಆಟದ ತರಬೇತಿಯನ್ನೂ ನಿಲ್ಲಿಸಿಡಬೇಕಾಗಿಲ್ಲ. ಕೊನೆಗೆ ಆಟಿಸಂ ಅಲ್ಲವೆಂದು ಗೊತ್ತಾದರೂ ಅವುಗಳಿಂದ ಮಗುವಿಗೆ ಕೆಡುಕಿಲ್ಲ.